ಮತ್ತೆ ಬಂತು ಅಂದರು

ಆಪರೇಷನ್, ಕೀಮೊ, ರೇಡಿಯೇಷನ್ ಎಲ್ಲ ಮುಗಿದು ಕೂದಲು ಮತ್ತೆ ಜಡೆ ಹಾಕುವಷ್ಟು ಬೆಳೆದಿತ್ತು. ಆಗ ಬಲ ಸ್ತನದಲ್ಲಿ, ಹೊಲಿಗೆಯ ಪಕ್ಕದಲ್ಲೇ, ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಒತ್ತಿದರೆ ಸರಿಯುವುದಿಲ್ಲ, ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿದೆ. ಮ್ಯಾಮೊಗ್ರಾಂನಲ್ಲಿ ಅಂಚೆಲ್ಲ ಮುಳ್ಳುಮುಳ್ಳು. ಪೆಟ್ ಸ್ಕ್ಯಾನ್ ಬರೆದುಕೊಟ್ಟರು.

ವರದಿ ಮೊಬೈಲಿಗೆ ಬಂದಾಗ ಕಾಡುಗೋಡಿ ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿಯುತ್ತಿದ್ದೆ. ‘ಕ್ಯಾನ್ಸರ್ ಮರುಕಳಿಸಿರುವ ಶಂಕೆ’ ಅನ್ನುವ ಸಾಲಿನಿಂದ ಕಣ್ಣು ಕೀಳಲಾಗಲಿಲ್ಲ. ಕಂಬಿ ಹಿಡಿದು ಅಲ್ಲೇ ನಿಂತೆ. ಐಟಿಪಿಎಲ್ ಕಡೆಯಿಂದ ಕೆಲಸ ಮುಗಿಸಿ ಬಂದವರು ‘ಸ್ವಲ್ಪ ಸರೀರಮ್ಮ’ ಅನ್ನುತ್ತ ಇಳಿದುಹೋದರು. ಒಂದು ಹನಿ ಔಷಧಿ ಮೈಗೆ ಹೋಗಿರಲಿಲ್ಲ, ಆದರೂ ಕೀಮೊ ದಿನಗಳ ಆ ಕಬ್ಬಿಣದ ರುಚಿ ಬಾಯಿ ತುಂಬ ಹರಡಿತು. ಮಗಳ ಪಿಯುಸಿ ಪರೀಕ್ಷೆ ಮುಗಿಯುವವರೆಗಾದರೂ ತಡೆದುಕೊಳ್ಳಲಿ ಎಂದು ಯಾರನ್ನು ಬೇಡಿಕೊಂಡೆನೋ ತಿಳಿಯದು.

ಆ ರಾತ್ರಿ ಭಾವ ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಮಾಲೂರಿನಿಂದ ಹೊಸಕೋಟೆವರೆಗಿನ ನೆಂಟರಿಗೆಲ್ಲ ಫೋನ್ ಮಾಡಿ ‘ಮತ್ತೆ ಬಂದಿದೆ’ ಎಂದು ಸಾರಿದರು. ಸೂಜಿ ಚುಚ್ಚಿದರೆ ಹರಡುತ್ತದೆ, ಬಯಾಪ್ಸಿ ಬೇಡ, ನೇರ ಕೀಮೊ ಶುರು ಮಾಡಿಸಿ ಎಂದು ನನ್ನ ಗಂಡನ ತಲೆ ತುಂಬಿದರು. ನಾನು ಹಟ ಹಿಡಿದೆ. ಆ ಭಯಕ್ಕೆ ಆಧಾರವಿಲ್ಲ ಎಂದು ಸರ್ಜನ್ ಬಿಡಿಸಿ ಹೇಳಿದ ಮೇಲೆ ಮನೆಯಲ್ಲಿ ಒಪ್ಪಿದರು.

ಬಯಾಪ್ಸಿಯಲ್ಲಿ ಸಿಕ್ಕಿದ್ದು ಫ್ಯಾಟ್ ನೆಕ್ರೋಸಿಸ್. ಕತ್ತರಿ, ರೇಡಿಯೇಷನ್ನುಗಳ ಪೆಟ್ಟಿಗೆ ರಕ್ತ ಸಾಲದೆ ಸತ್ತ ಕೊಬ್ಬು ಗಟ್ಟಿಯಾಗಿ ಗಂಟು ಕಟ್ಟಿತ್ತು. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದಂತೆ. ಪೆಟ್ ಸ್ಕ್ಯಾನಿಗೆ ಕೊಡುವುದು ವಿಕಿರಣ ಸೂಸುವ ಸಕ್ಕರೆಯಂಥ ಔಷಧಿ. ಕ್ಯಾನ್ಸರ್ ಕಣ ಅದನ್ನು ಹೆಚ್ಚು ಹೀರಿ ಹೊಳೆಯುತ್ತದೆ ನಿಜ, ಗಾಯ ಮಾಯಿಸಲು ಬಂದು ಸೇರಿದ ಕಣಗಳೂ ಹೀರುತ್ತವೆ. ಕ್ಷಯದ ಗ್ರಂಥಿಯೂ ಹೊಳೆಯುತ್ತದೆ.

ಹೊಸ ಗಂಟು ಕಂಡರೆ ಒಂದು ದಿನವೂ ಮುಚ್ಚಿಡಬೇಡಿ, ತೋರಿಸಿ. ಸ್ಕ್ಯಾನಿಗೆ ಹೋಗುವಾಗ ಆಪರೇಷನ್, ರೇಡಿಯೇಷನ್ ನಡೆದ ತಾರೀಖುಗಳನ್ನೂ ಹಳೆಯ ಫಿಲ್ಮುಗಳನ್ನೂ ಕೊಡಿ. ಕೀಮೊ ಮಾತು ಬಂದರೆ, ಬಯಾಪ್ಸಿ ಏನು ಹೇಳಿತು ಎಂದು ಮೊದಲು ಕೇಳಿ. ಬಯಾಪ್ಸಿಗೂ ಸ್ಕ್ಯಾನಿಗೂ ತಾಳೆಯಾಗದಿದ್ದರೆ ಬಯಾಪ್ಸಿಯನ್ನು ಇನ್ನೊಮ್ಮೆ ಮಾಡಿಸಲು ಹಿಂಜರಿಯಬೇಡಿ. ಸ್ಲೈಡು, ಬ್ಲಾಕುಗಳನ್ನು ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಬಹುದು. ನಾನು ತೋರಿಸಿದೆ, ಅವರೂ ಅದನ್ನೇ ಹೇಳಿದರು.