ಹುಳುಕಡ್ಡಿಯಲ್ಲಿ ಹುಳು ಇಲ್ಲ

ಸಿದ್ದಮ್ಮ ಕೂಲಿ ಮಾಡುತ್ತಾಳೆ. ನಾಟಿ ಕೆಲಸದಲ್ಲಿ ಅವಳ ಕೈ ಮುಂದು. ಅಕ್ಷರ ಕಲಿಯುವುದರಲ್ಲೂ ಮುಂದು. ಆದರೆ ಒಂದು ವಾರದಿಂದ ಕಲಿಕಾ ಕೇಂದ್ರದಲ್ಲಿ ಎಲ್ಲರಿಂದ ದೂರ ಕೂರುತ್ತಾಳೆ.

"ಯಾಕೆ ಸಿದ್ದಮ್ಮ, ಅಷ್ಟು ದೂರ ಕೂತಿದ್ದೀರಿ?" ಎಂದು ಟೀಚರ್ ಕೇಳಿದರು.

ಸಿದ್ದಮ್ಮ ತಲೆ ತಗ್ಗಿಸಿದಳು. ಎಲ್ಲರೂ ಹೋದ ಮೇಲೆ ಮೆಲ್ಲಗೆ ಹೇಳಿದಳು.

"ಸೊಂಟದ ಸುತ್ತ ಹುಳುಕಡ್ಡಿ ಆಗಿದೆ ಟೀಚರಮ್ಮ. ರಾತ್ರಿಯೆಲ್ಲಾ ತುರಿಕೆ. ಅಂಗಡಿಯಿಂದ ಮುಲಾಮು ತಂದು ಹಚ್ಚಿದೆ. ನಾಲ್ಕು ದಿನಕ್ಕೆ ತುರಿಕೆ ನಿಂತಿತು. ಹಚ್ಚೋದು ಬಿಟ್ಟೆ. ಈಗ ಮೊದಲಿಗಿಂತ ಜಾಸ್ತಿ ಆಗಿದೆ. ಮಗಳ ಕುತ್ತಿಗೆಗೂ ಬಂದಿದೆ. ಯಾವ ಜನ್ಮದ ಪಾಪವೋ!"

"ಪಾಪವೂ ಅಲ್ಲ, ಶಾಪವೂ ಅಲ್ಲ. ನಾಳೆ ನರ್ಸಮ್ಮನನ್ನು ಕರೆಸ್ತೀನಿ" ಎಂದರು ಟೀಚರ್.

ಮರುದಿನ ನರ್ಸಮ್ಮ ಬಂದರು. ಯಾರ ಹೆಸರನ್ನೂ ಹೇಳಲಿಲ್ಲ. ಎಲ್ಲರಿಗೂ ತಿಳಿಸಿದರು.

"ಹುಳುಕಡ್ಡಿ ಅಂತೀವಿ. ಆದರೆ ಅದರಲ್ಲಿ ಹುಳು ಇಲ್ಲ. ಮಳೆಗಾಲದಲ್ಲಿ ಉಪ್ಪಿನಕಾಯಿ ಮೇಲೆ ಬೂಷ್ಟು ಬರುತ್ತಲ್ಲ? ಅಂಥದೇ ಬೂಷ್ಟು ಇದು. ಕಣ್ಣಿಗೆ ಕಾಣದಷ್ಟು ಸಣ್ಣದು. ಇದಕ್ಕೆ ಶಿಲೀಂಧ್ರ ಎಂದು ಹೆಸರು. ಬೆವರು, ಒದ್ದೆ ಇದ್ದಲ್ಲಿ ಬೆಳೆಯುತ್ತೆ. ಲಂಗದ ಲಾಡಿ ಕಟ್ಟುವ ಜಾಗ, ತೊಡೆಸಂದು, ಕಾಲ್ಬೆರಳ ಸಂದು ಅದಕ್ಕೆ ಇಷ್ಟ. ಒಬ್ಬರಿಂದ ಒಬ್ಬರಿಗೆ ಹರಡುತ್ತೆ."

ಮುಲಾಮು ಏನು ಮಾಡುತ್ತದೆ?

ಇದಕ್ಕೆ ಕ್ಲೋಟ್ರಿಮಜೋಲ್ ಎಂಬ ಮುಲಾಮು ಇದೆ. ಬೂಷ್ಟಿನ ಕಣಕ್ಕೆ ಒಂದು ಪೊರೆ ಇರುತ್ತದೆ. ಮನೆಗೆ ಗೋಡೆ ಇದ್ದ ಹಾಗೆ. ಪೊರೆ ಕಟ್ಟಲು ಬೂಷ್ಟಿಗೆ ಒಂದು ಬಗೆಯ ಜಿಡ್ಡು ಬೇಕು. ಆ ಜಿಡ್ಡು ತಯಾರಾಗದಂತೆ ಮುಲಾಮು ತಡೆಯುತ್ತದೆ. ಗಾರೆ ಇಲ್ಲದ ಗೋಡೆ ನಿಲ್ಲುತ್ತದೆಯೇ? ಪೊರೆ ಸೋರುತ್ತದೆ. ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ನಮ್ಮ ಮೈಯ ಕಣಗಳಿಗೆ ಬೇಕಾದ ಜಿಡ್ಡೇ ಬೇರೆ. ಆದ್ದರಿಂದ ಮುಲಾಮು ಬೂಷ್ಟನ್ನು ಹಿಡಿಯುತ್ತದೆ, ನಮ್ಮ ಚರ್ಮವನ್ನು ಬಿಡುತ್ತದೆ.

ಕಳೆಯ ತಲೆ ಕೊಯ್ದರೆ ಬೇರು ಉಳಿಯುತ್ತದೆ. ಹಾಗೆಯೇ ತುರಿಕೆ ನಿಂತರೂ ಬೂಷ್ಟು ಉಳಿದಿರುತ್ತದೆ. ಆಗಲೇ ಮುಲಾಮು ಬಿಟ್ಟರೆ ಮತ್ತೆ ಬರುತ್ತದೆ.

ಇನ್ನೊಂದು ಮೋಸ ಉಂಟು. ಕೆಲವು ಮುಲಾಮಿನಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ತುರಿಕೆಯನ್ನು ಬೇಗ ಅಡಗಿಸುತ್ತದೆ. ಆದರೆ ಬೂಷ್ಟು ಹಬ್ಬುತ್ತಲೇ ಇರುತ್ತದೆ. ಚರ್ಮ ತೆಳ್ಳಗಾಗುತ್ತದೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು.

ಹಚ್ಚುವುದು ಹೇಗೆ?

1. ಜಾಗವನ್ನು ತೊಳೆಯಿರಿ. ಒಣ ಬಟ್ಟೆಯಿಂದ ಒರೆಸಿ.
2. ತೆಳ್ಳಗೆ ಹಚ್ಚಿ. ಕಲೆಯ ಅಂಚಿನಿಂದ ಒಂದು ಬೆರಳಗಲ ಆಚೆಗೂ ಹಚ್ಚಿ.
3. ಹಚ್ಚಿದ ಮೇಲೆ ಕೈ ತೊಳೆಯಿರಿ.
4. ಕಲೆ ಹೋದ ಮೇಲೂ 2 ವಾರ ಹಚ್ಚಿ.
5. ಟವೆಲು, ಬಟ್ಟೆ, ಹಾಸಿಗೆ ಬೇರೆ ಇಡಿ. ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ನಾಚಿಕೆಯಿಂದ ಒಳಬಟ್ಟೆಯನ್ನು ನೆರಳಲ್ಲಿ ಒಣಗಿಸಬೇಡಿ.
6. ಮನೆಯಲ್ಲಿ ಯಾರಿಗೆ ಇದ್ದರೂ ಒಟ್ಟಿಗೆ ಔಷಧ ಮಾಡಿ.

ಜಾಸ್ತಿ ಉರಿದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಬಸುರಿಯರು ಕೇಳಿಯೇ ಹಚ್ಚಬೇಕು.

ಯಾವುದಕ್ಕೆ ಆಗುತ್ತದೆ? ಯಾವುದಕ್ಕೆ ಆಗದು?

ಮೈಮೇಲಿನ ಹುಳುಕಡ್ಡಿ, ಬೆರಳ ಸಂದಿನ ಬೂಷ್ಟು, ಚಿಬ್ಬು ಇವಕ್ಕೆ ಆಗುತ್ತದೆ. ತಲೆಯಲ್ಲಿ, ಉಗುರಲ್ಲಿ ಬಂದರೆ ಮುಲಾಮು ಸಾಲದು, ಡಾಕ್ಟರನ್ನು ಕಾಣಬೇಕು. ಕಜ್ಜಿಗೆ ಔಷಧವೇ ಬೇರೆ. ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಅದು ಕುಷ್ಠ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ. ಅದಕ್ಕೂ ಗುಣವಾಗುವ ಔಷಧ ಇದೆ.

ಸಿದ್ದಮ್ಮ ಮಗಳ ಜೊತೆ ಆರೋಗ್ಯ ಕೇಂದ್ರಕ್ಕೆ ಹೋದಳು. ಡಾಕ್ಟರು ಇಬ್ಬರನ್ನೂ ನೋಡಿ ಮುಲಾಮು ಕೊಟ್ಟರು. ನರ್ಸಮ್ಮ ಚೀಟಿಯಲ್ಲಿ ಬರೆದರು. ಸಿದ್ದಮ್ಮ ತಾನೇ ಓದಿದಳು. "ಬೆಳಗ್ಗೆ 1 ಸಲ. ರಾತ್ರಿ 1 ಸಲ. 4 ವಾರ."

ಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆದಳು. ಎಂಟನೇ ದಿನ ತುರಿಕೆ ನಿಂತಿತು. ಗೆರೆ ಎಳೆಯುವುದು ನಿಲ್ಲಲಿಲ್ಲ. 28 ಗೆರೆ ಆಯಿತು. ಕಲೆ ಹೋಗಿ ಆಗಲೇ ಎರಡು ವಾರ ಕಳೆದಿತ್ತು.

ಈಗ ಸಿದ್ದಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾಳೆ.

ಉತ್ತರ ಹೇಳಿ

1. ಹುಳುಕಡ್ಡಿ ಯಾವುದರಿಂದ ಬರುತ್ತದೆ?
2. ಸಿದ್ದಮ್ಮನಿಗೆ ಮೊದಲ ಸಲ ಯಾಕೆ ವಾಸಿಯಾಗಲಿಲ್ಲ?
3. ನಿಮ್ಮ ಮನೆಯಲ್ಲಿ ಒಳಬಟ್ಟೆ ಎಲ್ಲಿ ಒಣಗಿಸುತ್ತೀರಿ?

ಬರೆಯಿರಿ: ಬೂಷ್ಟು, ಮುಲಾಮು, ತುರಿಕೆ, ಬಿಸಿಲು