ಡೆತ್ ವ್ಯಾಲಿಯ ಏರಿಳಿತದಲ್ಲಿ ಮೋಟರ್‌ಹೋಮ್: ಕಲಿತ ಏಳು ಪಾಠಗಳು

ಬೇ ಏರಿಯಾದ ನಮ್ಮ ಕನ್ನಡದ ಗೆಳೆಯರು ಚಳಿಗಾಲದ ರಜೆಗೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಡೆತ್ ವ್ಯಾಲಿಗೆ ಹೊರಟಾಗ ಮೊದಲು ಕೇಳುವುದು, "ಎಷ್ಟು ಮೈಲಿ?" ಎಂದು. ಹಲವು ಚಳಿಗಾಲ ಆ ದಾರಿಯಲ್ಲಿ ಓಡಿಸಿದ ನಾನು ಅವರಿಗೆ ಹೇಳುವುದು ಇಷ್ಟೇ: ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂದು ಕೇಳಿ. ಎಂಜಿನ್, ಬ್ರೇಕು, ರಾತ್ರಿಯ ಚಳಿ, ಕಣ್ಣಿಗೆ ಬೀಳುವ ನೋಟ ಎಲ್ಲವೂ ಅಲ್ಲಿ ಎತ್ತರದ ಮಾತು ಕೇಳುತ್ತವೆ.

1. ಕಾಲ ನೋಡಿ ಹೊರಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಕಣಿವೆಯ ತಳದಲ್ಲಿರುವ ಫರ್ನೇಸ್ ಕ್ರೀಕಿನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಜಗತ್ತಿನ ಅಧಿಕೃತ ದಾಖಲೆ ಇಂದಿಗೂ ಅದೇ. ಬೇಸಿಗೆಯಲ್ಲಿ ಗಾಡಿಯನ್ನು ಅಲ್ಲಿಗೆ ಒಯ್ಯಲು ಅನೇಕ ಬಾಡಿಗೆ ಕಂಪನಿಗಳು ಬಿಡುವುದಿಲ್ಲ. ಕರಾರು ಓದಿಯೇ ಸಹಿ ಹಾಕಿ.

2. ಏರುವಾಗ ಎಂಜಿನ್ನಿನ ಕಡೆ ಗಮನವಿರಲಿ. ಪಶ್ಚಿಮದಿಂದ 190ನೇ ಹೆದ್ದಾರಿಯಲ್ಲಿ ಬಂದರೆ ಪನಾಮಿಂಟ್ ಕಣಿವೆಯಿಂದ 4,956 ಅಡಿ ಎತ್ತರದ ಟೌನ್ ಪಾಸ್‌ಗೆ ಮೂರು ಸಾವಿರ ಅಡಿಗೂ ಹೆಚ್ಚು ಏರಬೇಕು. ಬೆಳಗಿನ ತಂಪಿನಲ್ಲೇ ಹತ್ತಿ. ಎಸಿ ನಿಲ್ಲಿಸಿ, ಕಿಟಕಿ ತೆರೆಯಿರಿ. ಟೆಂಪರೇಚರ್ ಮುಳ್ಳು ಮೇಲೇರತೊಡಗಿದರೆ ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸದೆ ಐಡ್ಲಿಂಗ್‌ನಲ್ಲಿ ಬಿಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ.

3. ಇಳಿಯುವ ಮುಂಚೆಯೇ ಗೇರು ಇಳಿಸಿ. ಟೌನ್ ಪಾಸ್‌ನಿಂದ ಸ್ಟವ್‌ಪೈಪ್ ವೆಲ್ಸ್‌ಗೆ ಸುಮಾರು 17 ಮೈಲಿ. ಅಷ್ಟರಲ್ಲೇ ಐದು ಸಾವಿರ ಅಡಿ ಇಳಿದು ಸಮುದ್ರಮಟ್ಟ ಮುಟ್ಟುತ್ತೀರಿ. ಘಾಟಿಯ ತುದಿಯಲ್ಲಿ ಖಾಲಿ ನೀರಿನ ಬಾಟಲಿಯೊಂದರ ಮುಚ್ಚಳ ಬಿಗಿದಿಡಿ. ಕೆಳಗೆ ತಲುಪುವಷ್ಟರಲ್ಲಿ ಗಾಳಿಯ ಒತ್ತಡಕ್ಕೆ ಅದರ ಪಕ್ಕೆಗಳು ಒಳಕ್ಕೆ ಸೇದಿಕೊಂಡಿರುತ್ತವೆ. ಎಷ್ಟು ಇಳಿದೆವೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ನಮ್ಮ ಘಟ್ಟದ ಲಾರಿ ಚಾಲಕರು ಪಾಲಿಸುವ ನಿಯಮ ಇಲ್ಲಿಗೂ ಸಲ್ಲುತ್ತದೆ. ಗೇರನ್ನು ಕೆಳಗೇ ಹಿಡಿದಿಡುವ ಟೋ–ಹಾಲ್ ಗುಂಡಿ ಗಾಡಿಯಲ್ಲಿ ಇದ್ದರೆ ಮೇಲೆಯೇ ಒತ್ತಿಕೊಳ್ಳಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ. ವೇಗ ಏರಿದರೆ ಮತ್ತೆ ಹಾಗೆಯೇ. ನಡುವೆ ಬ್ರೇಕಿಗೆ ತಣಿಯಲು ಅವಕಾಶ ಸಿಗುತ್ತದೆ. ಹಿಂದೆ ಕಾರುಗಳು ಸೇರಿಕೊಂಡರೆ ಅಗಲ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಸರಿದು ದಾರಿ ಕೊಡಿ.

4. ಗಾಡಿಯ ಉದ್ದ ತಿಳಿದಿರಲಿ. ಬಣ್ಣಬಣ್ಣದ ಬೆಟ್ಟಗಳ ನಡುವಿನ ಆರ್ಟಿಸ್ಟ್ಸ್ ಡ್ರೈವ್‌ನಲ್ಲಿ 25 ಅಡಿಗಿಂತ ಉದ್ದದ ವಾಹನ ನಿಷಿದ್ಧ. ಡಾಂಟೇಸ್ ವ್ಯೂ ರಸ್ತೆಯ ಕೊನೆಯ ಕಡಿದಾದ ಏರಿಗೂ ಇದೇ ಮಿತಿ. ಈ ಎರಡೂ ಜಾಗಗಳನ್ನು ನೋಡಲೇಬೇಕು. ಅದಕ್ಕೇ ಕುಟುಂಬ ಚಿಕ್ಕದಿದ್ದರೆ 25 ಅಡಿಯೊಳಗಿನ ಗಾಡಿಯನ್ನೇ ಹಿಡಿಯಿರಿ ಎನ್ನುತ್ತೇನೆ.

5. ಟೈರು, ಪೆಟ್ರೋಲು, ನೀರು. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಕದಲುವ ಮುಂಚೆ ನೋಡಿ. ಓಡಿ ಬಿಸಿಯಾದಾಗ ಒತ್ತಡ ಏರುವುದು ಸಹಜ. ಆಗ ಗಾಳಿ ಬಿಡಬಾರದು. ಟೈರಿನ ಪಕ್ಕೆಯ ನಾಲ್ಕಂಕಿ ಓದಿ: 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಪೆಟ್ರೋಲನ್ನು ಕಣಿವೆಗೆ ಇಳಿಯುವ ಮುಂಚೆಯೇ ತುಂಬಿಸಿ. ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರಾದರೂ ಇರಲಿ, ಟ್ಯಾಂಕಿನದು ಬೇರೆ. ಹೆಚ್ಚಿನ ಕಡೆ ಫೋನ್ ಸಿಗ್ನಲ್ ಇಲ್ಲ, ನಕ್ಷೆ ಕೈಯಲ್ಲಿರಲಿ.

6. ರಾತ್ರಿ ತಂಗುವ ಎತ್ತರ ಮೊದಲೇ ಗೊತ್ತು ಮಾಡಿಕೊಳ್ಳಿ. ಸಾವಿರ ಅಡಿ ಏರಿದಂತೆ ಸುಮಾರು ಎರಡು–ಮೂರು ಡಿಗ್ರಿ ತಂಪಾಗುತ್ತದೆ. ಜನವರಿಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಣಿವೆಯ ತಳವೇ ಹಿತ. ಗಾಡಿ ಸಮತಟ್ಟಾಗಿ ನಿಂತಿರಬೇಕು. ವಾಲಿ ನಿಂತರೆ ಗ್ಯಾಸಿನಲ್ಲಿ ಓಡುವ ಫ್ರಿಜ್ ಸರಿಯಾಗಿ ತಂಪು ಮಾಡುವುದಿಲ್ಲ. ಮಲಗುವ ಮುಂಚೆ ಹೊರಗಿನ ಚಪ್ಪರ ಸುತ್ತಿಡಿ, ಗಾಳಿ ಹೇಳಿ ಬರುವುದಿಲ್ಲ. ಮಳೆಯ ಸೂಚನೆ ಇದ್ದರೆ ಒಣ ಹಳ್ಳದ ಹತ್ತಿರ ನಿಲ್ಲಿಸಲೇಬೇಡಿ. 2023ರ ಆಗಸ್ಟಿನಲ್ಲಿ ಹಿಲರಿ ಚಂಡಮಾರುತದ ಮಳೆಗೆ ರಸ್ತೆಗಳು ಕೊಚ್ಚಿಹೋಗಿ ಇಡೀ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನವನ್ನು ಸುಮಾರು ಎರಡು ತಿಂಗಳು ಮುಚ್ಚಬೇಕಾಯಿತು.

7. ನೋಡಲು ನಿಲ್ಲಿ. ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರಬೇಕು, ಆದ್ದರಿಂದ ಅವರಿಗೂ ನೋಟ ದಕ್ಕಬೇಕಾದರೆ ಗಾಡಿ ನಿಲ್ಲಲೇಬೇಕು. ಬ್ಯಾಡ್‌ವಾಟರ್‌ನಲ್ಲಿ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ, ಉಪ್ಪಿನ ಬಯಲಿನಲ್ಲಿ ನಿಂತಿರುತ್ತೀರಿ. ಬೆನ್ನ ಹಿಂದಿನ ಬಂಡೆಯಲ್ಲಿ, ಕತ್ತೆತ್ತಿ ಹುಡುಕಬೇಕಾದಷ್ಟು ಮೇಲೆ, ಸಮುದ್ರಮಟ್ಟ ಗುರುತಿಸಿದ ಪುಟ್ಟ ಬಿಳಿ ಫಲಕವಿದೆ. ಎದುರಿಗೆ 11,049 ಅಡಿಯ ಟೆಲಿಸ್ಕೋಪ್ ಶಿಖರ, ಚಳಿಗಾಲದಲ್ಲಿ ಹಿಮ ಹೊತ್ತು ನಿಂತಿರುತ್ತದೆ. ಇಂಥ ನೋಟಕ್ಕೆ ಹೊತ್ತು ಉಳಿಯಬೇಕಾದರೆ ದಿನಕ್ಕೆ ಒಂದೇ ದೊಡ್ಡ ಘಾಟಿ ಇಟ್ಟುಕೊಳ್ಳಿ. ಬ್ರೇಕಿಗೂ ಆರಾಮ, ಓಡಿಸುವವರಿಗೂ ಆರಾಮ. ಆ ಬೆಟ್ಟಗಳನ್ನು ಮನಸಾರೆ ನೋಡಿದಂತೆಯೂ ಆಗುತ್ತದೆ.