ಕ್ಷ-ಕಿರಣ: ಒಂದು ಪದವಿಚಾರ

1895ರ ನವೆಂಬರ್ 8ರಂದು ವಿಲ್ಹೆಲ್ಮ್ ರಾಂಟ್‌ಜೆನ್ ಕಂಡ ಕಿರಣದ ಸ್ವರೂಪ ಆತನಿಗೇ ಅಜ್ಞಾತವಾಗಿತ್ತು. ಆದುದರಿಂದಲೇ ಬೀಜಗಣಿತದ ಅವ್ಯಕ್ತರಾಶಿಯ ಗುರುತಾದ ‘ಎಕ್ಸ್’ ಅದರ ಹೆಸರಾಯಿತು. ಕನ್ನಡವು ಆ ಸ್ಥಾನದಲ್ಲಿ ‘ಕ್ಷ’ವನ್ನಿರಿಸಿತು. ಜನರ ಬಾಯಲ್ಲಿ ಅದು ಎಕ್ಸ್‌ರೇಯಾಗಿಯೇ ಉಳಿದುದು ಬೇರೆ ಮಾತು.

ವಿಕಿರಣಚಿತ್ರಣದ ಪದವಿ ವ್ಯಾಸಂಗ ಇಂಗ್ಲಿಷಿನಲ್ಲಿ ನಡೆಯುತ್ತದೆ: ಅಂಗರಚನೆ, ವಿಕಿರಣ ಭೌತವಿಜ್ಞಾನ, ರಕ್ಷಣಾಕ್ರಮ, ಬಳಿಕ ಆಸ್ಪತ್ರೆಯ ತರಬೇತಿ. ಆದರೆ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿರುವ, ರಾಜ್‌ಕುಮಾರರ ಹುಟ್ಟೂರೆಂದು ನಾಡು ಬಲ್ಲ ದೊಡ್ಡಗಾಜನೂರಿನ ಕನ್ನಡ ವೃದ್ಧೆಯೊಬ್ಬಳು ಯಂತ್ರದ ಮುಂದೆ ನಿಂತಾಗ ತಂತ್ರಜ್ಞನಿಗೆ ಒದಗಬೇಕಾದುದು ತಿಳಿಗನ್ನಡದ ಒಂದು ವಾಕ್ಯ: ‘ಅಜ್ಜಿ, ಉಸಿರು ಎಳೆದುಕೊಂಡು ಹಾಗೇ ತಡೆದುಕೊಳ್ಳಿ.’ ಅದನ್ನೂ ವಿದ್ಯೆಯ ಭಾಗವೆಂದೇ ಎಣಿಸಬೇಕು. ಮಾತು ತಿಳಿಯದೆ ಆಕೆ ಉಸಿರಾಡಿದರೆ ಚಿತ್ರ ಮಸುಕಾಗುತ್ತದೆ. ಮತ್ತೊಮ್ಮೆ ತೆಗೆದರೆ ಅವಳ ಮೈಗೆ ತಾಗುವ ವಿಕಿರಣ ಇಮ್ಮಡಿಯಾಗುತ್ತದೆ.